ಲಾಭದಿಂದ ಎಣಿಸುವ ಹುಡುಗಿ

ನನ್ನ ಮೊಮ್ಮಗಳಿಗೆ ತಲೆ ನೆಟ್ಟಗಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಪುಣೆಯ ಸದಾಶಿವ ಪೇಠೆಯ ನಮ್ಮ ಓಣಿಗೆ ಓಣಿಯೇ ಹೇಳುತ್ತದೆ. ನಾನು ಸುಮ್ಮನೆ ಹೂಂಗುಟ್ಟುತ್ತೇನೆ, ಅಷ್ಟೇ. ಬೇರೆ ಮನೆಯ ಹುಡುಗಿಯರು ಬೆಂಡೆಕಾಯಿ ಹೆಚ್ಚುತ್ತಾರೆ, ಈರುಳ್ಳಿ ಹೆಚ್ಚುತ್ತಾರೆ. ಇವಳು ಶಬ್ದ ಹೆಚ್ಚುತ್ತಾಳೆ! ಅದೂ ಎಂಥ ಶಬ್ದ? ಕನ್ನಡವಲ್ಲ, ಮರಾಠಿಯಲ್ಲ, ಇಂಗ್ಲಿಷೂ ಅಲ್ಲ. ಪೋರ್ಚುಗೀಸರ ಶಬ್ದ! ಹೆಸರು ಮಾತ್ರ ಕೇಳಬೇಡಿ. ಬರೆದರೆ 'ಅಜ್ಜೀ, ಊರಾಗ ನನ್ನ ಮಾನಾ ಕಳದಿ' ಎಂದು ಮೈಮೇಲೆ ಬರುತ್ತಾಳೆ.

ಹೆಚ್ಚುವ ರೀತಿ ಹೀಗಿದೆ. ಉದ್ದನೆಯ ಶಬ್ದವೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ತುಂಡು ತುಂಡಾಗಿ ಹೊರಗೆ ಬಿಡುತ್ತಾಳೆ. ಪ್ರತಿ ತುಂಡಿಗೂ ಬೆರಳಿನಿಂದ ಒಂದು ಪೆಟ್ಟು. ಆದರೆ ಎಲ್ಲ ತುಂಡೂ ಒಂದೇ ತೂಕದ್ದಲ್ಲವಂತೆ, ಶಬ್ದದೊಳಗೆ ಒಂದು ತುಂಡಿಗೆ ಭಾರ ಹೆಚ್ಚಂತೆ. ಆ ತುಂಡು ಬಂದಾಗ ಬೆರಳಲ್ಲ, ಇಡೀ ಅಂಗೈ ಬೀಳುತ್ತದೆ. ಎದುರಿಗೆ ಏನಿದೆ ಎಂದು ನೋಡುವ ಪೈಕಿಯವಳಲ್ಲ. ಪಾತ್ರೆಯ ಮುಚ್ಚಳವಾದರೂ ಸರಿ, ಕಿಟಕಿಯ ಸರಳಾದರೂ ಸರಿ. ಒಮ್ಮೆ ಅಪ್ಪನ ಸ್ಕೂಟರಿನ ಹಿಂದೆ ಕುಳಿತು ಅವನ ಹೆಲ್ಮೆಟ್ಟಿನ ಮೇಲೇ ಪಾಠ ಮಾಡಿಕೊಂಡಿದ್ದಾಳೆ! ಯಾರೋ ಹಿಂದಿನಿಂದ ಕರೆಯುತ್ತಿದ್ದಾರೆಂದು ನನ್ನ ಮಗ ಪ್ರತಿ ಸಿಗ್ನಲಿನಲ್ಲೂ ತಿರುಗಿ ತಿರುಗಿ ನೋಡಿ, ಮನೆಗೆ ಬರುವಷ್ಟರಲ್ಲಿ ಕುತ್ತಿಗೆ ಉಳುಕಿಸಿಕೊಂಡಿದ್ದ.

ಇನ್ನೊಮ್ಮೆ ಕಾಯಿಪಲ್ಲೆ ತರಲು ಅವಳನ್ನು ಮಂಡಈ ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ನಾನು ಮೆಂತ್ಯೆ ಸೊಪ್ಪು ಆರಿಸುತ್ತಿದ್ದೇನೆ, ಪಕ್ಕದಲ್ಲಿ ಟಕ್, ಢಬ್, ಟಕ್, ಟಕ್ ಎಂದು ಸದ್ದು. ನೋಡಿದರೆ ಇವಳು ಒಂದು ದೊಡ್ಡ ಕುಂಬಳಕಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು 'ಕಾಂ-ತಾ-ಸೆ-ಮುಶ್, ಕಾಂ-ತಾ-ಸೆ-ಮುಶ್' ಎನ್ನುತ್ತಿದ್ದಾಳೆ. ಹಾಗೆಂದರೆ 'ನಾವು ಹಾಡಿದರೆ' ಎಂದಂತೆ. ಹಾಡಬೇಕಾದವರು ಯಾರು, ಕುಂಬಳಕಾಯಿಯೇ?

ಮಾರುವವನು ಒಂದಷ್ಟು ಹೊತ್ತು ನೋಡಿದ. ಆಮೇಲೆ ತಡೆಯಲಾರದೆ, "ಓ ತಾಯಿ, ಭೋಪಳಾ ಪಿಕಲಾಯ! ಕಿತಿ ಠೋಕಣಾರ?" ಎಂದ. ಕಾಯಿ ಮಾಗಿದೆ ಮಾರಾಯ್ತಿ, ಎಷ್ಟು ಕುಟ್ಟುತ್ತೀ ಎಂದು!

"ಸಾರಿ ಕಾಕಾ" ಎಂದು ಇವಳು ಪಕ್ಕದ ಕುಂಬಳಕಾಯಿಗೆ ಹೋದಳು.

ಕೊನೆಗೆ ಅವನ ಕಣ್ಣಿಗೆ ಅಂಜಿ ಎರಡನ್ನೂ ನಾನೇ ಕೊಂಡೆ. ಆ ವಾರವೆಲ್ಲ ಕುಂಬಳಕಾಯಿ ಪಲ್ಲೆ, ಕುಂಬಳಕಾಯಿ ಸಾರು, ಕುಂಬಳಕಾಯಿ ಕಡುಬು. ಮಗ ತಾಟಿನ ಮುಂದೆ ಕುಳಿತು, "ಯವ್ವಾ, ಮುಂದಿನ ವಾರ ಆಕೀನ್ನ ಮಾವಿನಹಣ್ಣಿನ ಅಂಗಡೀಗೆ ಕರಕೊಂಡು ಹೋಗ್ರಿ" ಎಂದ.

ಈ ಹುಚ್ಚು ಹತ್ತಿದ್ದಾದರೂ ಹೇಗೆ ಅನ್ನುತ್ತೀರಾ? ಫ್ಯಾನಿನಿಂದ! ಬಿ.ಕಾಂ. ಮುಗಿಸಿದ ಮೇಲೆ ಪುಣೆಯ ಎಲ್ಲ ಹುಡುಗ ಹುಡುಗಿಯರ ಹಾಗೆ ಇವಳೂ ಜರ್ಮನ್ ಕಲಿಯಲು ಹೊರಟಳು. ನಮ್ಮ ಓಣಿಯ ತುದಿಯಲ್ಲೇ ಭಾಷೆ ಕಲಿಸುವ ಕ್ಲಾಸಿದೆ. ಜರ್ಮನ್ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ, ಹುಡುಗರು ಕಿಟಕಿಯ ಮೇಲೆಲ್ಲ ಕುಳಿತಿದ್ದರಂತೆ. ಮೇ ತಿಂಗಳ ಸೆಖೆ ಬೇರೆ. ಪಕ್ಕದ ಕೋಣೆಯಲ್ಲಿ ನಾಲ್ಕೇ ಜನ, ತಲೆಯ ಮೇಲೆ ಗರಗರ ಫ್ಯಾನು. "ಎರಡು ನಿಮಿಷ ಗಾಳಿ ತಗೊಂಡು ಹೋಗೂಣಂತ ಕೂತೆ ಅಜ್ಜಿ" ಎನ್ನುತ್ತಾಳೆ. ಅಷ್ಟರಲ್ಲಿ ಗೋವೆಯ ಕಡೆಯ ಟೀಚರು ಬಂದರು, ಬಾಗಿಲು ಹಾಕಿದರು, ಪಾಠ ಶುರು ಮಾಡಿದರು. ಎದ್ದು ಹೋಗಲು ನಾಚಿಕೆಯಾಯಿತಂತೆ. ನಾಚಿಕೆಪಟ್ಟು ಒಂದು ಭಾಷೆಯನ್ನೇ ಕಲಿತವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನಾನು ಶಾಲೆ ಕಲಿತಿದ್ದು ಮೂರನೆಯ ಇಯತ್ತೆಯವರೆಗೆ. ಆದರೂ ನನಗೆ ತಿಳಿಯುವ ತನಕ ಅವಳು ಬಿಡುವುದಿಲ್ಲ. ಒಂದು ದಿನ ನಾನು ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಎದುರಿಗೆ ಬಂದು ಕುಳಿತಳು.

"ಅಜ್ಜಿ, ಫ-ಲಾ-ರಾಂವ್. ಪೆಟ್ಟು ನಡುವ. ಅಂದ್ರ 'ಅವರು ಮಾತಾಡಿದ್ರು'. ಮುಗದು ಹೋತು. ಈಗ ಕೇಳು, ಫ-ಲ-ರಾಂವ್. ಪೆಟ್ಟು ಕಡೀಕ. ಅಂದ್ರ 'ಅವರು ಮಾತಾಡ್ತಾರ'. ಇನ್ನ ಮುಂದ."

"ಎರಡೂ ಒಂದ ಕೇಳಸ್ತಾವಲ್ಲ?"

"ಒಂದ ಶಬ್ದ ಇದ್ದಂಗ ಅಜ್ಜಿ. ಭಾರ ಎಲ್ಲಿ ಬೀಳ್ತದ ಅದರ ಮ್ಯಾಲ ಎಲ್ಲಾ."

"ಮತ್ತ ಯಾರರ ತಪ್ಪಿ ನಡುವ ಪೆಟ್ಟು ಹಾಕಿದ್ರ?"

"ಮಾತಾಡೋರು ಮಾತಾಡಿ ಮನೀಗೆ ಹೋದಂಗ!"

ಇದಾದರೂ ಪರವಾಗಿಲ್ಲ. ಇನ್ನೊಂದು ತರಹದ ಕ್ರಿಯಾಪದ ಇದೆಯಂತೆ. ಅದನ್ನು ನಡುವೆ ಸೀಳಿ, 'ನಿನಗೆ' ಎನ್ನುವ ಶಬ್ದವನ್ನು ಆ ಸಂದಿಯಲ್ಲಿ ಕೂಡಿಸುತ್ತಾರಂತೆ! ಆಕಡೆ ಅರ್ಧ ಮಾತು, ಈಕಡೆ ಅರ್ಧ ಮಾತು, ನಡುವೆ ಮನುಷ್ಯ. ಶೇರ್ ರಿಕ್ಷಾದಲ್ಲಿ ನಡುವೆ ಸಿಕ್ಕಿಕೊಂಡವನ ಹಾಗೆ! 'ಪಾಪ, ಅವನಿಗೆ ಬೇರೆ ಜಾಗ ಇರಲಿಲ್ಲವೇ?' ಎಂದು ಕೇಳಿದೆ. ಆ ದೇಶದವರೂ ಈಗ ಹಾಗೆ ಮಾತಾಡುವುದು ಕಡಿಮೆಯಂತೆ, ಹೆಚ್ಚಾಗಿ ಪುಸ್ತಕದಲ್ಲಿ ಬರೆಯುತ್ತಾರಂತೆ. 'ಮತ್ತ ನಿನಗ್ಯಾಕ ಬೇಕವ್ವಾ?' ಎಂದರೆ, 'ತೋಂಡಿ ಪರೀಕ್ಷಾದಾಗ, ಬಾಯಿಲೆ ಹೇಳೂದರಾಗ, ಅದನ್ನ ಕೇಳ್ತಾರ' ಎಂದಳು. ನೋಡಿ, ಆಡುವವರು ಬಿಟ್ಟರೂ ಕೇಳುವವರು ಬಿಡಲಿಲ್ಲ!

ಇಷ್ಟೆಲ್ಲ ನಗುವಿನ ಮಾತಾಯಿತು. ಇನ್ನು ನಮ್ಮವರ ವಿಷಯ.

ನಮ್ಮವರದು ಕಾಳುಕಡಿಯ ಅಂಗಡಿ. ವಿಜಯಪುರದ ಕಡೆಯಿಂದ ಜೋಳ ತರಿಸಿ ಮಾರುತ್ತಿದ್ದರು. ತಕ್ಕಡಿ ಬಂದ ಮೇಲೂ ಹಳೆಯ ಗಿರಾಕಿಗಳಿಗೆ ಶೇರಿನಲ್ಲೇ ಅಳೆದು ಕೊಡಬೇಕು. ಕಾಳು ಅಳೆಯುವವರು ಮೊದಲ ಶೇರಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಒಳ್ಳೆಯದರಿಂದ ಶುರುವಾಗಲಿ ಎಂದು. ಮರೆಯದಿರಲು ಪ್ರತಿ ಸಲವೂ ರಾಗವಾಗಿ ಎರಡೆರಡು ಬಾರಿ ಹೇಳುತ್ತಾರೆ. 'ಲಾಭಾ… ಲಾಭಾ… ಎರಡಾ… ಎರಡಾ… ಮೂರಾ…' ನಮ್ಮವರ ಆ ದನಿ ಓಣಿಯ ತುದಿಯ ಹಾಲಿನ ಡೈರಿಯವರೆಗೆ ಕೇಳುತ್ತಿತ್ತು. ಅಂಗಡಿ ಬಿಟ್ಟ ಮೇಲೂ ಆ ರಾಗ ಬಿಟ್ಟಿರಲಿಲ್ಲ. ಮನೆಯಲ್ಲಿ ರೇಡಿಯೋ ಬೇಕೇ ಇರಲಿಲ್ಲ.

ಕಳೆದ ಮಳೆಗಾಲದ ಒಂದು ಮುಂಜಾನೆ ಚಹಾದ ಬಟ್ಟಲು ಅವರ ಕೈಯಿಂದ ಜಾರಿತು. ಬಾಯಿ ಓರೆಯಾಯಿತು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಕಾಲು ಬಹುಮಟ್ಟಿಗೆ ಸರಿಯಾಗಿತ್ತು, ಬಲಗೈ ಸ್ವಲ್ಪ ಸೋತಿತ್ತು. ಮಾತು ಮಾತ್ರ ಅಲ್ಲೇ ಎಲ್ಲೋ ಉಳಿದುಬಿಟ್ಟಿತ್ತು. ಎಲ್ಲ ತಿಳಿಯುತ್ತದೆ, ಕಣ್ಣಲ್ಲಿ ಎಲ್ಲ ಇದೆ, ಬಾಯಿ ತೆರೆದರೆ ಗಾಳಿ. ಮಾತಿನ ಅಭ್ಯಾಸ ಮಾಡಿಸುವ ಡಾಕ್ಟರಮ್ಮ, "ಬರಬಹುದು ಅಜ್ಜಿ, ಎಷ್ಟು ಬರುತ್ತದೆಂದು ಈಗಲೇ ಹೇಳಲಾರೆ. ಅವಸರ ಮಾಡಬೇಡಿ" ಎಂದು ಸಮಾಧಾನವಾಗಿ ಹೇಳಿದರು. ಅವಸರ ಮಾಡದೆ ಇರುವುದನ್ನು ನಮ್ಮ ಮನೆಯಲ್ಲಿ ಯಾರು ಕಲಿತಿದ್ದಾರೆ?

ಅವರು ಬಾಯಿ ತೆರೆದರೆ ಸಾಕು, ನಾವೆಲ್ಲ ಮುಗಿಬೀಳುತ್ತಿದ್ದೆವು. ಒಂದು ದಿನ ಬಹಳ ಕಷ್ಟಪಟ್ಟು, "ಬ… ಬ…" ಎಂದರು. ನಾನು ಬಾಳೆಹಣ್ಣು ತಂದೆ. ಸೊಸೆ ಬಿಸಿನೀರು ತಂದಳು. ಮಗ ಬನಿಯನ್ ತಂದ. ಎದುರು ಮನೆಯ ಮರಾಠಿ ಹೆಂಗಸು, ನಾವು ಕಾಕು ಎನ್ನುವವಳು, ಆ 'ಬ' ಕೇಳಿಸಿಕೊಂಡು ಬಕೆಟ್ಟನ್ನೇ ಹಿಡಿದುಕೊಂಡು ಓಡಿ ಬಂದಳು! ಇವರು ಎಡಗೈಯನ್ನು ಬೀಸಿ ಬೀಸಿ ಬಾಗಿಲನ್ನು ತೋರಿಸಿದರು. ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳಿ ಎನ್ನುವುದು ಅವರ ಅಪೇಕ್ಷೆಯಾಗಿತ್ತು!

ಅಂದು ಮೊಮ್ಮಗಳು ಮನೆಗೊಂದು ಕಾಯಿದೆ ಮಾಡಿದಳು. "ಇವತ್ತಿಂದ ಅಜ್ಜನ ಬಾಯಾಗ ಯಾರೂ ಶಬ್ದ ತುರಕಬ್ಯಾಡ್ರಿ. ಬಂದಾಗ ಬರಲಿ. ಅಜ್ಜಿ, ಇದು ನಿನಗ ಭಾಳ ಹೇಳಾಕ ಹತ್ತೇನಿ."

"ನಾ ಏನ ಮಾಡ್ತೀನಿ?"

"ನೀ ಅವನ ಮಾತೂ ಆಡ್ತಿ, ನಿನ್ನ ಮಾತೂ ಆಡ್ತಿ, ನಡುವ ಉತ್ತರಾನೂ ಕೊಡ್ತಿ!"

ಹೀಗೆ ದೊಡ್ಡ ನ್ಯಾಯಾಧೀಶಳ ಹಾಗೆ ಹೇಳಿದವಳು ಮಾಡಿದ್ದೇನು ಗೊತ್ತೇ? ತನ್ನ ಪೋರ್ಚುಗೀಸನ್ನು ತಂದು ಅಜ್ಜನ ಮುಂದೆ ಸುರಿದಳು! ಅವರ ಎಡಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು, ಅಂಗೈಯ ಮೇಲೆ ಬೆರಳಿನಿಂದ ಟಕ್ ಟಕ್. ಭಾರದ ತುಂಡು ಬಂದಾಗ ಅಂಗೈಯನ್ನು ಗಟ್ಟಿಯಾಗಿ ಒತ್ತುವುದು. ನನಗೆ ತಡೆಯಲಿಲ್ಲ. ಇದ್ದ ಕನ್ನಡವೇ ಹೋಗಿ ಕುಳಿತಿರುವ ಮನುಷ್ಯನಿಗೆ ಇಲ್ಲದ ಭಾಷೆಯನ್ನು ತುಂಬುವುದೇ?

"ನಿನ್ನ ಪಾಠಕ್ಕ ಅಜ್ಜನ ಬೇಕಿತ್ತೇನ?"

"ಹೌದು. ಮನ್ಯಾಗ ನಗಲಾರದಂವ ಅವನೊಬ್ಬನ."

ಎದುರು ಮನೆಯ ಕಾಕು ಬಾಗಿಲಲ್ಲಿ ನಿಂತು, "ಆತಾ ಆಜೋಬಾ ಪರದೇಶಾತ ಜಾಣಾರ ವಾಟತಂ!" ಎಂದು ಹಾಸ್ಯ ಮಾಡಿದಳು. ಅಜ್ಜ ಇನ್ನು ಪರದೇಶಕ್ಕೆ ಹೊರಟರೆಂದು ಕಾಣುತ್ತದೆ ಎಂದು! ನಕ್ಕೆ. ಆದರೆ ಒಂದು ಮಾತು ಮನಸ್ಸಿನಿಂದ ಹೋಗಿರಲಿಲ್ಲ. ಈ ಹುಡುಗಿಯ ಹೆಸರನ್ನು ಇಟ್ಟವರೇ ನಮ್ಮವರು. ದಿನಕ್ಕೆ ಎಷ್ಟು ಸಲ ಕರೆಯುತ್ತಿದ್ದರೋ ಲೆಕ್ಕವಿಲ್ಲ. ಮಳೆಗಾಲದಿಂದ ಈಚೆಗೆ ಆ ಹೆಸರನ್ನು ಆ ಬಾಯಿಯಿಂದ ಯಾರೂ ಕೇಳಿರಲಿಲ್ಲ. ಒಮ್ಮೆ ಅವಳನ್ನು ಅಡಿಗೆಮನೆಗೆ ಕರೆದು ಕೇಳಿದೆ, "ಜಗತ್ತಿನ ಶಬ್ದ ಎಲ್ಲಾ ಅವರ ಅಂಗೈ ಮ್ಯಾಲ ಕುಟ್ಟತಿ. ನಿನ್ನ ಹೆಸರು ಯಾಕ ಮಾಡಸೂದಿಲ್ಲ?"

ಅವಳು ಕೊತ್ತಂಬರಿಯ ಎಲೆ ಬಿಡಿಸತೊಡಗಿದಳು. "ಮಾಡಿಸಿದ ಮ್ಯಾಲೂ ಬರಲಿಲ್ಲಂದ್ರ ಅಜ್ಜಿ?" ಎಂದಳು. ಆಮೇಲೆ ಎಂದಿನ ಹುರುಪಿನಲ್ಲಿ, "ಅದಿರಲಿ, ಕೊತ್ತಂಬರಿಗೆ ಪೆಟ್ಟು ಎಲ್ಲಿ ಬೀಳ್ತದ ಹೇಳು!" ಎಂದು ಕಟ್ಟೆಯ ಮೇಲೆ ಬಡಿದಳು.

ಪರೀಕ್ಷೆ ಹತ್ತಿರ ಬಂತು. ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಎದುರಿನ ಬಾಗಿಲಿನಿಂದ ಕಾಣುವ ಒಳಗಿನ ಕೋಣೆಯಲ್ಲಿ ಇವಳು ಅಜ್ಜನ ಕೈ ಹಿಡಿದು ಕುಳಿತಿದ್ದಳು. ಅಂದಿನ ಶಬ್ದ ಆ ರಿಕ್ಷಾದ ಜಾತಿಯದು, ನಡುವೆ ಮನುಷ್ಯ ಕುಳಿತದ್ದು. 'ಫ-ಲಾರ್-ತೆ-ಈ-ಅ-ಮುಶ್.' ನಾವು ನಿನ್ನೊಡನೆ ಮಾತಾಡುತ್ತಿದ್ದೆವು, ಹಾಗಾಗಿದ್ದರೆ, ಹೀಗಾಗಿದ್ದರೆ, ಎಂದೇನೋ ಅರ್ಥ. ಭಾರ ಎಲ್ಲಿದೆ ಎಂದು ಕಂಡುಹಿಡಿಯಲು ಶಬ್ದವನ್ನು ಬಾಲದ ಕಡೆಯಿಂದ ಎಣಿಸಬೇಕಂತೆ. ಇವಳು ಅಂಗೈಯ ಮೇಲೆ ಬೆರಳಿಟ್ಟು, "ಮುಶ್, ಒಂದು" ಎಂದಳು.

ಇವರು ಕೈ ಎಳೆದುಕೊಂಡರು.

"ಯಾಕಜ್ಜಾ, ನೂಸಾಕ ಹತ್ತಿತೇನ? ಮೆಲ್ಲಕ ಹೊಡೀತೀನಿ. ಮುಶ್, ಒಂದು…"

ಇವರು ಅವಳ ಬೆರಳನ್ನು ಫಟ್ಟನೆ ಹೊಡೆದು ತಳ್ಳಿದರು. ಮುಖ ಕೆಂಪಾಗಿತ್ತು. ಅಂಗಡಿಯಲ್ಲಿ ಯಾರಾದರೂ ಹೊಸಬ ಅಳೆಯುವಾಗ ತಪ್ಪು ಮಾಡಿದರೆ ಆಗುತ್ತಿದ್ದ ಹಾಗೆಯೇ! ಇವಳು ಹಟಮಾರಿ, ಮೂರನೆಯ ಸಲ ಕೈ ಹಿಡಿದು, "ಒಂದು" ಎಂದಳು.

"ಲಾ… ಲಾ… ಲಾಭ!"

ನನ್ನ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು. ಒರಟು ದನಿ, ಸವೆದ ದನಿ, ಆದರೆ ಅದೇ ದನಿ! ಅಳತೆಯನ್ನು 'ಒಂದು' ಎಂದು ಶುರು ಮಾಡುವುದೆಂದರೇನು? ಅವರಿಂದ ಅದನ್ನು ಸಹಿಸಲು ಆಗಲಿಲ್ಲ! ಹೆಂಡತಿ ಅತ್ತದ್ದಕ್ಕೆ ಬರದ ಮಾತು, ದೇವರಿಗೆ ಹರಕೆ ಹೊತ್ತದ್ದಕ್ಕೆ ಬರದ ಮಾತು, ಮೊಮ್ಮಗಳು ತಪ್ಪು ಎಣಿಸಿದ್ದಕ್ಕೆ ಬಂತು!

ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಕೂಗಬೇಕೆಂದು ಬಾಯಿ ತೆರೆದೆ. ಹುಡುಗಿ ನನ್ನತ್ತ ಕಣ್ಣು ಬಿಟ್ಟಳು, ಸುಮ್ಮನಿರು ಎಂದು. ಅವಳ ಕಣ್ಣಿನಲ್ಲಿ ನೀರು, ತುಟಿಯಲ್ಲಿ ಕಳ್ಳನಗೆ. ಏನೂ ಆಗದವಳ ಹಾಗೆ ಮತ್ತೊಂದು ಶಬ್ದ ತೆಗೆದುಕೊಂಡು, ಬೇಕೆಂದೇ, "ಒಂದು" ಎಂದಳು.

"ಲಾಭ!"

"ಮುಂದ?"

"ಎ…ರ…ಡು."

ಅಂದು ಆ ಸಂಜೆಯೆಲ್ಲ ಅವಳು ತಪ್ಪು ಮಾಡಿದಳು, ಅವರು ತಿದ್ದಿದರು. ತವೆಯ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದು ಕಾಕು ಮತ್ತೆ ಬಕೆಟ್ಟು ಹಿಡಿದುಕೊಂಡು ಬಂದಳು. ಈ ಸಲವಾದರೂ ಅದರಲ್ಲಿ ನೀರಿತ್ತು.

ಡಾಕ್ಟರಮ್ಮನಿಗೆ ಹೇಳಿದಾಗ ಅವರಿಗೂ ಬಹಳ ಸಂತೋಷವಾಯಿತು. "ಎಣಿಕೆ, ಹಾಡು, ಬೈಗಳು, ಇಂಥ ರೂಢಿಯ ಮಾತುಗಳು ಎಷ್ಟೋ ಜನರಿಗೆ ಮೊದಲು ಬರುತ್ತವೆ. ಎಣಿಸುತ್ತ ಎಣಿಸುತ್ತಲೇ ಬೇರೆ ಶಬ್ದ ಸೇರಿಸಿ" ಎಂದರು. ಅವರು ಹೇಳಿದ್ದು ಸುಳ್ಳಾಗಲಿಲ್ಲ. ಎಣಿಕೆ ಬಂದಿತ್ತು, ನಾಲ್ಕು ದಿನದಲ್ಲಿ ಬೈಗಳೂ ಬಂತು! ಚಹಾಕ್ಕೆ ಸಕ್ಕರೆ ಮರೆತಿದ್ದೆ. ಒಂದು ಗುಟುಕು ಕುಡಿದವರೇ ಕುರ್ಚಿಯ ಕೈಗೆ ಎರಡು ಪೆಟ್ಟು ಹಾಕಿ, "ಹು-ಚ್ಚಿ!" ಎಂದರು. ಭಾರ ಸರಿಯಾಗಿ ಕೊನೆಯಲ್ಲೇ ಬಿತ್ತು. ನಾನು ಸೀದಾ ಓಣಿಯ ಅಂಗಡಿಗೆ ಹೋಗಿ ಪೇಢೆ ತಂದು ಇಡೀ ಬಿಲ್ಡಿಂಗಿಗೆ ಹಂಚಿದೆ.

"ಕಾಯ ಝಾಲಂ ಆಜಿ?" ಏನಾಯಿತೆಂದು ಕಾಕು ಕೇಳಿದಳು.

"ಮಾಝ್ಯಾ ನವ್ರ್ಯಾನೇ ಮಲಾ ವೇಡಿ ಮ್ಹಟಲಂ!" ನನ್ನ ಗಂಡ ನನ್ನನ್ನು ಹುಚ್ಚಿ ಎಂದರು ಎಂದೆ. ಗಂಡ ಬೈದನೆಂದು ಪೇಢೆ ಹಂಚಿದ ಹೆಂಗಸನ್ನು ಅವಳು ಅದುವರೆಗೆ ನೋಡಿರಲಿಲ್ಲ. ಎರಡು ತಿಂದಳು.

ಆಮೇಲೆ 'ನೀರು' ಬಂತು, 'ಉಪ್ಪು' ಬಂತು, 'ಪೇಪರು' ಬಂತು. ಕುರ್ಚಿಯ ಕೈಯನ್ನು ಬಡಿಯುತ್ತ ಒಂದೊಂದೇ ತುಂಡು ಇಳಿಸುತ್ತಾರೆ, ಕೆಲವು ಸಲ ಭಾರ ಬೀಳಬಾರದ ಕಡೆ ಬಿದ್ದು ನಮ್ಮ ಕನ್ನಡವೇ ಪರದೇಶದ್ದಾಗುತ್ತದೆ. ನಾವು ಕಾಯಿದೆಯ ಪ್ರಕಾರ ಬಾಯಿ ಮುಚ್ಚಿಕೊಂಡು ಕಾಯುತ್ತೇವೆ. ನಾನೂ ಕಾಯುತ್ತೇನೆ! ಮಗನನ್ನು "ಏ" ಎನ್ನುತ್ತಾರೆ, ಸೊಸೆಯನ್ನು "ಇಕಿ" ಎನ್ನುತ್ತಾರೆ. ಹುಡುಗಿಯ ಹೆಸರು ಮಾತ್ರ ಬರಲಿಲ್ಲ. ಅವಳೂ ಕೇಳಲಿಲ್ಲ. ಪ್ರತಿ ಸಂಜೆ 'ಒಂದು' ಎಂದು ತಪ್ಪು ಮಾಡುವುದನ್ನೂ ಬಿಡಲಿಲ್ಲ.

ಮೊನ್ನೆ ತೋಂಡಿ ಪರೀಕ್ಷೆ ಆಯಿತು. ಮುಗಿದ ಕೂಡಲೇ ಫೋನು ಬಂತು. ನಾನು ಸ್ಪೀಕರಿಗೆ ಹಾಕಿದೆ.

"ಅಜ್ಜೀ, ಘಾತ ಆತು! ಭಾರ ಎಲ್ಲಿ ಅದ ಎಣಿಸಿ ತೋರಸು ಅಂದ್ರು. ಬಾಯಾಗ ಲಾಭ ಬಂದುಬಿಡ್ತು! ಲಾಭ, ಎರಡು, ಮೂರು ಅಂದೆ, ಅವರ ಮುಂದ!"

"ಅಯ್ಯ! ಏನಂದ್ರು?"

"ಇದ್ಯಾವ ಭಾಷಾ ಅಂದ್ರು. ನಮ್ಮಜ್ಜನ ಅಂಗಡೀದು ಅಂದೆ. ನಕ್ಕರು. ಆದ್ರ ಪೆಟ್ಟು ಸರಿ ಬಿದ್ದದ ಅಂದ್ರು!"

"ಪಾಸಂತೇನ ಮತ್ತ?"

"ಮುಂದಿನ ವಾರ ಹೇಳ್ತಾರ. ಬಂದೆ, ಇಡು!"

ಫೋನು ಇಟ್ಟು ನೋಡಿದರೆ ಇವರು ಎದ್ದು ನಿಂತಿದ್ದಾರೆ. ಕುರ್ಚಿಯನ್ನು ಬಾಗಿಲ ಬಳಿ ಹಾಕು ಎಂದು ಸನ್ನೆ ಮಾಡಿದರು. ಹಾಕಿದೆ. ಕುಳಿತರು. ಕುರ್ಚಿಯ ಕೈಯ ಮೇಲೆ ಬೆರಳು ಆಡತೊಡಗಿತು, ತುಟಿ ಒಳಗೊಳಗೇ ಅಲುಗತೊಡಗಿತು. "ಏನ ಬೇಕ್ರಿ?" ಎಂದರೆ ಕೈ ಎತ್ತಿ ಸುಮ್ಮನಿರಲು ಹೇಳಿದರು. ಸುಮ್ಮನಿದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದು.

ಕೆಳಗೆ ಹಳೆಯ ಮರದ ಮೆಟ್ಟಿಲು ಸದ್ದು ಮಾಡಿತು. ಎರಡೆರಡು ಮೆಟ್ಟಿಲು ಹಾರಿ ಬರುವವಳು ಅವಳೊಬ್ಬಳೇ. ಬಾಗಿಲಿಗೆ ಬಂದು ಒಂದು ಚಪ್ಪಲಿ ಬಿಟ್ಟಿದ್ದಾಳೆ, ಇನ್ನೊಂದು ಕಾಲಲ್ಲೇ ಇದೆ. ಇವರು ಕುರ್ಚಿಯ ಕೈ ಬಡಿದರು. ಅವಳ ಹೆಸರಿನ ಮೊದಲ ತುಂಡು. ತಡೆದರು, ಉಸಿರು ತೆಗೆದುಕೊಂಡರು. ಎರಡನೆಯದು, ಇಡೀ ಅಂಗೈ ಬಿತ್ತು. ಮೂರನೆಯದು ಮೆಲ್ಲಗೆ.

ಹೆಸರು ಪೂರ್ತಿಯಾಗಿತ್ತು. ಆದರೆ ಇವರ ಕೈ ಮತ್ತೆ ಮೇಲೆದ್ದಿತ್ತು.

ಕಾಳು ಅಳೆದು ಮುಗಿದ ಮೇಲೆ, ಲೆಕ್ಕಕ್ಕೆ ಸೇರದ ಒಂದು ಹಿಡಿ ಕಾಳನ್ನು ಗಿರಾಕಿಯ ಚೀಲಕ್ಕೆ ಪ್ರೀತಿಯಿಂದ ಹಾಕುವುದುಂಟು. ಕೊಸರು ಎನ್ನುತ್ತಾರೆ ಅದಕ್ಕೆ. ಕೊಸರು ಹಾಕದೆ ನಮ್ಮವರು ಯಾರನ್ನೂ ಅಂಗಡಿಯಿಂದ ಕಳಿಸಿದವರಲ್ಲ.

ಕೈ ಇಳಿಯಿತು. ಹೆಸರಿನ ಬೆನ್ನಿಗೇ "…ಅವ್ವಾ" ಎಂದರು.

ಹುಡುಗಿ ಒಂದೇ ಚಪ್ಪಲಿಯಲ್ಲಿ ಅವರ ಮುಂದೆ ಬಂದು ಕುಳಿತಳು. ಗಿರಾಕಿಗಳು ಚೀಲದ ಬಾಯಿ ಹಿಡಿಯುವ ಹಾಗೆ ದುಪಟ್ಟಾವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಅಳುತ್ತ ನಗುತ್ತ, "ಇನ್ನೊಂದು ಹಿಡಿ ಹಾಕಜ್ಜಾ" ಎಂದಳು.

ಹಾಕಿದರು.